ಹಂಡೆ ಒಲೆಯ ಮನೆಗೆ ಹೀಟ್ ಪಂಪ್: ಹದಿಮೂರು ತಿಂಗಳು ಬಳಸಿದ ಮೇಲೆ

ಸ್ನಾನದ ನೀರು ಕಾಯಿಸುವ ಈ ಹೀಟ್ ಪಂಪ್ ಮಷಿನ್ನಿಗೆ ನಾಲ್ಕು ಸ್ಟಾರ್. ಅದನ್ನು ಕೂರಿಸಲು ಬಂದವರಿಗೆ ಎರಡು. ನಮ್ಮೂರಿನ ಕರೆಂಟಿನ ಹುಡುಗನಿಗೆ ಐದು, ಅವನು ಕಂಪನಿಯವನಲ್ಲ, ಅವನಿಗೆ ಸ್ಟಾರ್ ಕೊಡಲು ಎಲ್ಲೂ ಜಾಗವೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಲ್ದೂರಿನಿಂದ ಬಾಳೆಹೊನ್ನೂರು ರಸ್ತೆ ಹಿಡಿದು, ಒಂದಷ್ಟು ದೂರ ಹೋಗಿ ಒಳಗೆ ತಿರುಗಿದರೆ ನಮ್ಮ ಮನೆ. ನಮ್ಮವರ ಅಜ್ಜ 1941ರಲ್ಲಿ ಕಟ್ಟಿಸಿದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು, ನಡುವೆ ತೊಟ್ಟಿ. ಹಿಂದುಗಡೆ ಬಚ್ಚಲುಮನೆ, ಅದರಲ್ಲಿ ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಒಲೆ. ಎಂಬತ್ತು ವರ್ಷ ಈ ಮನೆಯವರೆಲ್ಲ ಆ ಹಂಡೆಯ ನೀರಿನಲ್ಲೇ ಮಿಂದಿದ್ದಾರೆ. ತೋಟದಲ್ಲಿ ನೆರಳು ತಗ್ಗಿಸಲು ಕಡಿದ ಸಿಲ್ವರ್ ಓಕ್ ಕೊಂಬೆ, ಕಿತ್ತ ಕಾಫಿ ಗಿಡದ ಬೊಡ್ಡೆ, ಹಾಲುವಾಣದ ರೆಂಬೆ, ಸೌದೆಗೆ ಬರವಿಲ್ಲ. ಒಡೆಯುವವರಿಗೆ ಬರ. ನಮ್ಮವರಿಗೆ ಸೊಂಟದ ಡಿಸ್ಕ್ ಜಾರಿದೆ. ನಾನು ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು, ಕೊಡಲಿ ಹಿಡಿಯುವ ಕೈಯಲ್ಲ. ಅತ್ತೆಗೆ ಎಂಬತ್ತಮೂರು. ಬೆಳಗ್ಗೆ ಆರಕ್ಕೆ ಅವರಿಗೆ ಬಿಸಿ ನೀರು ಬೇಕೇ ಬೇಕು.

ಸೋಲಾರ್ ಹಾಕಿಸಿ ನೋಡಿ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸೂರ್ಯ ಅನ್ನುವವನು ನೆಂಟ, ಬಂದರೆ ಬಂದ. ಉಳಿದ ತಿಂಗಳು ಮಂಗಗಳು. ಎರಡು ಸಲ ಗಾಜಿನ ಟ್ಯೂಬ್ ಒಡೆದವು, ಜೊತೆಗೆ ಹೆಂಚೂ ಹೋಯಿತು. ಮೂರನೇ ಸಲ ರಿಪೇರಿ ಮಾಡಿಸಲಿಲ್ಲ.

ಹೀಟ್ ಪಂಪ್ ವಿಷಯ ತಲೆಗೆ ಹಾಕಿದ್ದು ನನ್ನ ಅಕ್ಕನ ಮಗ. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅವನದೂ ಹಳೆ ಇಟ್ಟಿಗೆ ಮನೆ. ಅಲ್ಲಿ ಅದು ಸ್ನಾನದ ನೀರಿಗೆ ಮಾತ್ರ ಅಲ್ಲ, ಇಡೀ ಮನೆ ಬೆಚ್ಚಗಿಡುವುದಕ್ಕೆ. ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತದಂತೆ. ಆದರೆ ಮಷಿನ್ ತರುವ ಮೊದಲು ಒಬ್ಬರು ಬಂದು ಕೋಣೆ ಕೋಣೆ ಅಳೆದು, ಎಲ್ಲಿಂದ ಎಷ್ಟು ಶಾಖ ಸೋರುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅಟ್ಟದ ಮೇಲೆ ದಪ್ಪ ಹಾಸು ಹಾಸುತ್ತಾರೆ. ಬಾಗಿಲ ಸಂದಿ ಮುಚ್ಚುತ್ತಾರೆ. ಗ್ಯಾಸ್ ಬಾಯ್ಲರ್ 70 ಡಿಗ್ರಿ ನೀರು ಕಳಿಸುತ್ತಿದ್ದ ಜಾಗದಲ್ಲಿ ಹೀಟ್ ಪಂಪ್ 45, 50 ಡಿಗ್ರಿಯದನ್ನು ಕಳಿಸುವುದರಿಂದ, ಗೋಡೆಗೆ ಹಾಕಿದ ರೇಡಿಯೇಟರ್‌ಗಳನ್ನೂ ಎಷ್ಟೋ ಮನೆಗಳಲ್ಲಿ ದೊಡ್ಡದು ಮಾಡಬೇಕಾಗುತ್ತದೆ.

"ಚಿಕ್ಕಮ್ಮ, ಮಷಿನ್ ಆಮೇಲೆ ನೋಡಿ. ಮೊದಲು ಮನೆಯ ತೂತು ಮುಚ್ಚಿಸಿ" ಅಂದ.

ನನಗೆ ನಗು ಬಂತು. ನಮ್ಮ ಮನೆಯ ತೂತು ಮುಚ್ಚಿಸಿದರೆ ಅಡುಗೆಮನೆ ಹೊಗೆಗೆ ನಾವೇ ಹೊಗೆಮೀನು ಆಗುತ್ತೇವೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡಲಿ ಅಂತಲೇ ಈ ಮನೆ ಕಟ್ಟಿದ್ದು. ನಮಗೆ ಕೋಣೆ ಕಾಯಿಸುವುದು ಬೇಡ, ನೀರು ಕಾದರೆ ಸಾಕು. ಆದರೂ ಅವನ ಮಾತಿನಲ್ಲಿ ಒಂದು ಅಂಶ ಹಿಡಿಸಿತು. ಮಷಿನ್ ತರುವ ಮೊದಲು ಮನೆಯನ್ನು ಅಳೆಯುವುದು. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಶುರು ಮಾಡಿದೆ, 2024ರ ಗಣೇಶನ ಹಬ್ಬ ಕಳೆದ ಮೇಲೆ.

ಅಂಗಡಿಯವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಲೀಟರ್ ಬೇಕು ಮೇಡಂ?" ಮೂರು ಕಡೆ ಹೋದೆ, ಮೂರೂ ಕಡೆ ಇದೇ. ನಾಲ್ಕನೆಯವರು ಮಾತ್ರ ಮನೆ ನೋಡಲು ಒಬ್ಬರನ್ನು ಕಳಿಸಿದರು. ಅವರು ಬಂದು ಕಾಫಿ ಕುಡಿದು, ಬಚ್ಚಲುಮನೆ ಇಣುಕಿ, "ಜಾಗ ಇದೆ, ಆರಾಮಾಗಿ ಆಗತ್ತೆ" ಅಂದು ಅಡ್ವಾನ್ಸ್ ತಗೊಂಡು ಹೋದರು. ಜಾಗ ಇದೆ ಅಂದದ್ದು ಬಚ್ಚಲುಮನೆಯ ಒಳಗೆ. ಹಂಡೆ ಒಲೆಯ ಪಕ್ಕ!

ಇದು ಯಾಕೆ ತಪ್ಪು ಅಂತ ನನಗೂ ಆಗ ಗೊತ್ತಿರಲಿಲ್ಲ. ಹೀಟ್ ಪಂಪ್ ಅಂದರೆ ತಿರುಗಿಸಿಟ್ಟ ಫ್ರಿಜ್. ಫ್ರಿಜ್ ಒಳಗಿನ ಶಾಖವನ್ನು ಎಳೆದು ಹಿಂದಕ್ಕೆ ಬಿಡುತ್ತದಲ್ಲ, ಇದು ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಬಿಡುತ್ತದೆ. ಕರೆಂಟು ಖರ್ಚಾಗುವುದು ಶಾಖ ಹುಟ್ಟಿಸುವುದಕ್ಕಲ್ಲ, ಸಾಗಿಸುವುದಕ್ಕೆ. ಆದ್ದರಿಂದ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ, ಸೆಕೆ ಇದ್ದರೆ ಇನ್ನೂ ಜಾಸ್ತಿ, ಚಳಿ ಇದ್ದರೆ ಕಡಿಮೆ. ಇದನ್ನು ಅತ್ತೆಗೆ ಹೇಳಲು ಹೋದೆ.

"ಎಂತ ಮಾರಾಯ್ತಿ, ಬೆಂಕಿ ಇಲ್ದೆ ನೀರು ಕಾಯ್ತದಾ?"

"ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ ಅತ್ತೆ, ಬಿಸಿ ಇರ್ತದಲ್ಲ, ಹಾಗೆ."

"ಹಾಗಾದ್ರೆ ಹಂಡೆನ ಫ್ರಿಜ್ಜಿನ ಹಿಂದೆ ಇಟ್ರೆ ಆಯ್ತು. ಲಕ್ಷ ರೂಪಾಯಿ ಎಂತಕೆ?"

ಗಾಳಿಯನ್ನು ಎಳೆದುಕೊಳ್ಳುವ ಮಷಿನ್ ಆದ್ದರಿಂದ ಅದಕ್ಕೆ ಗಾಳಿ ಬೇಕು, ಅದೂ ಶುದ್ಧ ಗಾಳಿ. ಮುಚ್ಚಿದ ಸಣ್ಣ ಕೋಣೆಯಲ್ಲಿಟ್ಟರೆ ಅದು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸುಸ್ತಾಗುತ್ತದೆ. ಇನ್ನು ಒಲೆಯ ಮಸಿ. ಗಾಳಿ ಹಾದುಹೋಗುವ ಜಾಗದಲ್ಲಿ ಕಾರಿನ ರೇಡಿಯೇಟರ್ ತರಹ ಒತ್ತೊತ್ತಾಗಿ ತೆಳು ಅಲ್ಯೂಮಿನಿಯಂ ರೆಕ್ಕೆಗಳಿವೆ. ನಮ್ಮ ಬಚ್ಚಲುಮನೆಯ ಜಂತಿಯಿಂದ ಇಳಿಬಿದ್ದ ಇಲ್ಲಣ ನೋಡಿದವರಿಗೆ ಗೊತ್ತು, ಆ ರೆಕ್ಕೆಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಟ್ಟಿಹೋಗುತ್ತಿದ್ದವು. ಮನೆ ಮುಂದೆ ಇಡೋಣ ಅಂದರೆ ಕಾಫಿ ಕಣ. ಡಿಸೆಂಬರ್, ಜನವರಿಯಲ್ಲಿ ಒಣಗಿದ ಹಣ್ಣಿನ ಸಿಪ್ಪೆ ಧೂಳು, ಆಮೇಲೆ ಮೆಣಸು ತುಳಿಯುವ ಧೂಳು. ಕೊನೆಗೆ ಸಿಕ್ಕ ಜಾಗ ಹಳೆ ಕೊಟ್ಟಿಗೆಯ ಪಡುಗೋಡೆ. ದನ ಇಲ್ಲದೆ ಹತ್ತು ವರ್ಷ ಆಯಿತು, ಎರಡು ಕಡೆ ತೆರೆದಿದೆ, ಮೇಲೆ ಶೀಟು ಇದೆ. ಬಚ್ಚಲಿಗೆ ಒಂಬತ್ತು ಮೀಟರ್ ದೂರ. ಅಷ್ಟು ದೂರದ ಪೈಪಿನಲ್ಲಿ ಎರಡು ಲೀಟರಿಗೂ ಮೇಲೆ ನೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ಅಷ್ಟು ತಣ್ಣೀರು ಬರುತ್ತದೆ. ಈಗ ಅದಕ್ಕೊಂದು ಚೆಂಬು, ಬಕೆಟ್ಟು ಇಟ್ಟಿದ್ದೇವೆ. ಇದು ನಾನು ಒಪ್ಪಿಕೊಂಡ ನಷ್ಟ.

ಆ ಜಾಗಕ್ಕೆ ಒಂದು ಕಟ್ಟೆ ಬೇಕಾಯಿತು. 200 ಲೀಟರ್ ನೀರು, ಮಷಿನ್ನಿನ ತೂಕ ಸೇರಿ 280 ಕಿಲೋ ಹತ್ತಿರ. ಸಗಣಿ ಸಾರಿಸಿದ ಮಣ್ಣು ನೆಲದ ಮೇಲೆ ಇಟ್ಟರೆ ಒಂದೇ ಮಳೆಗೆ ವಾಲುತ್ತದೆ. ಕಲ್ಲು ಹಾಕಿ, ಒಂದಡಿ ಎತ್ತರಕ್ಕೆ ಕಾಂಕ್ರೀಟ್ ಕಟ್ಟೆ ಮಾಡಿಸಿ, ಸುತ್ತ ಒಂದು ಚರಂಡಿ ತೆಗೆಸಿದೆ.

ಈಗ ಕರೆಂಟಿನ ವಿಷಯ. ನಿಮ್ಮದೂ ಹಳೆ ಮನೆಯಾದರೆ ಇದನ್ನು ಮಾತ್ರ ಪೂರ್ತಿ ಓದಿ.

ನಮ್ಮ ಮನೆಗೆ ಕರೆಂಟು ಬಂದಾಗ ಮಾಡಿದ ವೈರಿಂಗ್ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು, ಅದರ ಮೇಲೆ ಕ್ಲಿಪ್ ಹಾಕಿ ಎಳೆದ ವೈರು. ಮೇನ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸು. ಕರೆಂಟಿನ ಹುಡುಗ ಬಂದ, ನನ್ನ ಬಳಿ ನಾಲ್ಕನೇ ಕ್ಲಾಸು ಓದಿದವನು, ಗುಣಾಕಾರದಲ್ಲಿ ಸ್ವಲ್ಪ ಹಿಂದಿದ್ದ. ಫ್ಯೂಸ್ ಕಿತ್ತು ನನ್ನ ಮುಂದೆ ಹಿಡಿದ. ಅದರಲ್ಲಿ ಫ್ಯೂಸ್ ವೈರ್ ಬದಲು ಸರ್ವಿಸ್ ವೈರಿನ ಎಳೆಯನ್ನೇ ಎರಡು ಸುತ್ತು ಸುತ್ತಿತ್ತು. ಪದೇ ಪದೇ ಹೋಗುತ್ತದೆ ಅಂತ ನಮ್ಮವರು ಯಾವಾಗಲೋ ಮಾಡಿದ ಜಾಣತನ.

"ಮಿಸ್, ಇದು ಫ್ಯೂಸ್ ಅಲ್ಲ. ಮನೆ ಸುಟ್ರೂ ಇದು ಸುಡಲ್ಲ."

ಆಮೇಲೆ ಅರ್ತ್ ಹುಡುಕಿದ. ಇರಲೇ ಇಲ್ಲ. ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಇತ್ತು, ಮೂರನೇ ತೂತಿಗೆ ವೈರು ಇರಲಿಲ್ಲ. ನೀರು ತುಂಬಿದ ಕಬ್ಬಿಣದ ಟ್ಯಾಂಕಿಗೆ ಕರೆಂಟು ಕೊಟ್ಟು, ಅದರ ನೀರನ್ನು ತಲೆ ಮೇಲೆ ಸುರಿದುಕೊಳ್ಳುವವರು ನಾವು. ಅರ್ತ್ ಇಲ್ಲದೆ ಇದನ್ನು ಹಾಕಿಸಿದ್ದರೆ ಏನಾಗಬಹುದಿತ್ತು ಅಂತ ಆ ರಾತ್ರಿ ಯೋಚಿಸಿದೆ, ನಿದ್ದೆ ಬರಲಿಲ್ಲ. ಮನೆ ನೋಡಲು ಬಂದ ಕಂಪನಿಯವರು ಮೇನ್ ಬೋರ್ಡಿನ ಹತ್ತಿರ ಕೂಡ ಹೋಗಿರಲಿಲ್ಲ.

ಹುಡುಗ ಮಾಡಿದ್ದು ಇಷ್ಟು. ಕೊಟ್ಟಿಗೆ ಹಿಂದೆ ಗುಂಡಿ ತೆಗೆದು, ಎರಡೂವರೆ ಮೀಟರ್ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ಅರ್ತ್ ಮಾಡಿದ. ಮೀಟರ್ ಬೋರ್ಡಿನಿಂದ ಮಷಿನ್ನಿಗೆ ಬೇರೆಯದೇ ಲೈನ್ ಎಳೆದ, 4 ಚದರ ಮಿಲಿಮೀಟರ್ ತಾಮ್ರದ ವೈರು. ಅದಕ್ಕೆ 20 ಆಂಪ್ಸ್ ಎಂಸಿಬಿ, ಅಂದರೆ ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚು, ಜೊತೆಗೆ ಇಡೀ ಮನೆಗೆ ಸೇರಿ 30 ಮಿಲಿಆಂಪ್ಸ್ ಆರ್‌ಸಿಸಿಬಿ. ಕರೆಂಟು ಎಲ್ಲಾದರೂ ಸೋರಿದರೆ ಈ ಆರ್‌ಸಿಸಿಬಿ ತಟ್ಟನೆ ಆಫ್ ಮಾಡುತ್ತದೆ. ಹಾಕಿದ ದಿನವೇ ಅದು ಬಿತ್ತು. ಮತ್ತೆ ಹಾಕಿದರೆ ಮತ್ತೆ ಬಿತ್ತು. ಹುಡುಕಿ ನೋಡಿದರೆ ಅಡುಗೆಮನೆಯ ಹಳೆ ಲೈನಿನಲ್ಲಿ ಇಲಿ ಕಡಿದ ವೈರು ಗೋಡೆಯ ತೇವಕ್ಕೆ ತಾಗಿಕೊಂಡಿತ್ತು. ಎಷ್ಟು ವರ್ಷದಿಂದಲೋ. ಒಗ್ಗರಣೆ ಹಾಕುವಾಗ ಸ್ವಿಚ್ ಮುಟ್ಟಿದರೆ ಜುಂ ಅನ್ನುವುದು ನನ್ನ ಕೈಯ ದೋಷ ಅಂತಲೇ ತಿಳಿದಿದ್ದೆ. ಕೊನೆಗೆ ಇಡೀ ಮನೆಯ ವೈರಿಂಗ್ ಬದಲಾಯಿಸಿದೆವು. ಅವನ ಗುಣಾಕಾರ ಈಗ ಚೆನ್ನಾಗಿದೆ, ಬಿಲ್ಲು ನೋಡಿದ ಮೇಲೆ ಗೊತ್ತಾಯಿತು.

ನಮ್ಮ ಮಂಜೂರಾದ ಲೋಡು, ಅಂದರೆ ಒಮ್ಮೆಗೆ ಎಳೆಯಬಹುದಾದ ಕರೆಂಟು, ಒಂದು ಕಿಲೋವ್ಯಾಟ್ ಇತ್ತು. ಮಷಿನ್ ಎಳೆಯುವುದು 800 ವ್ಯಾಟ್ ಆಸುಪಾಸು, ಆದರೆ ಒಳಗೆ ತುರ್ತಿಗೆ ಅಂತ ಗೀಸರಿನಲ್ಲಿರುವಂಥ ಒಂದು ಕಾಯಿಲ್ ಬೇರೆ ಇದೆ, ಅದು 1,500. ಅದಕ್ಕೆ ಲೋಡು ಮೂರು ಕಿಲೋವ್ಯಾಟ್‌ಗೆ ಏರಿಸಬೇಕು. ಅರ್ಜಿ ಹಾಕಲು ಹೋದರೆ ಆರ್.ಆರ್. ನಂಬರು ನಮ್ಮವರ ಅಜ್ಜನ ಹೆಸರಿನಲ್ಲಿ. ಅಜ್ಜ ತೀರಿಕೊಂಡು ನಲವತ್ತು ವರ್ಷ ದಾಟಿದೆ, ಪ್ರತಿ ತಿಂಗಳೂ ಬಿಲ್ಲು ಮಾತ್ರ ಅವರಿಗೇ ಬರುತ್ತಿತ್ತು. ಹೆಸರು ಬದಲಾವಣೆ, ವಂಶವೃಕ್ಷ, ಖಾತೆ ನಕಲು ಅಂತ ಐದು ವಾರ ಹೋಯಿತು. ನೀವು ಮಷಿನ್ ಬುಕ್ ಮಾಡುವ ಮೊದಲೇ ನಿಮ್ಮ ಬಿಲ್ಲಿನ ಮೇಲೆ ಯಾರ ಹೆಸರಿದೆ, ಲೋಡು ಎಷ್ಟಿದೆ ನೋಡಿಕೊಳ್ಳಿ. ಲೋಡು ಏರಿಸಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ, ಅದೂ ಲೆಕ್ಕದಲ್ಲಿರಲಿ.

ಗೃಹಜ್ಯೋತಿ ಇರುವವರು ಇನ್ನೊಂದು ಲೆಕ್ಕ ಮಾಡಬೇಕು. ನಾನು ಹೀಟ್ ಪಂಪ್ ಅಂತ ನಿರ್ಧಾರ ಮಾಡಿದ್ದೇ ಈ ಲೆಕ್ಕದಿಂದ. 2022-23ರ ನಮ್ಮ ಸರಾಸರಿ ತಿಂಗಳಿಗೆ 62 ಯೂನಿಟ್, ಅದಕ್ಕೆ ಶೇಕಡಾ 10 ಸೇರಿಸಿ 68 ಯೂನಿಟ್ ನಮಗೆ ಪುಕ್ಕಟೆ. ಅದಕ್ಕಿಂತ ಮೇಲೆ ಹೋದರೆ ಮೇಲಿನದಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 200 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ತರಲು 7 ಯೂನಿಟ್ ಶಾಖ ಬೇಕು. ಗೀಸರ್ ಆದರೆ ಅಷ್ಟೂ ಕರೆಂಟೇ, ತಿಂಗಳಿಗೆ 210. ಸ್ನಾನವೇ 200 ದಾಟಿತು, ದೀಪ ಹಚ್ಚುವ ಮೊದಲೇ. ಹೀಟ್ ಪಂಪ್‌ನಲ್ಲಿ ಅದು 70ರ ಆಸುಪಾಸಿಗೆ ಬರುತ್ತದೆ.

ನೀರಿನ ಲೈನು. ಗೋಡೆ ಮೇಲೆ ಹೋಗಿದ್ದ ಕಬ್ಬಿಣದ ಪೈಪನ್ನು ಪ್ಲಂಬರ್ ಕತ್ತರಿಸಿ ತೋರಿಸಿದ, ಮುಕ್ಕಾಲು ಇಂಚಿನ ಪೈಪಿನಲ್ಲಿ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಎಲ್ಲ ತೆಗೆದು ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದೆ. ನಮ್ಮ ಸಿಮೆಂಟ್ ತೊಟ್ಟಿ ಎಂಟು ಅಡಿ ಎತ್ತರದಲ್ಲಿತ್ತು, ಹಂಡೆಗೆ ನೀರು ಬೀಳಲು ಅಷ್ಟು ಸಾಕಿತ್ತು. ಮಷಿನ್ನಿನ ಟ್ಯಾಂಕಿನ ಮೂಲಕ ಹಾದು ಮತ್ತೆ ಬಚ್ಚಲಿಗೆ ಬರಲು ಸಾಲದು. ಹದಿನೈದು ಅಡಿ ಎತ್ತರಕ್ಕೆ ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮಾಡಿಸಿ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದೆವು. ಇಲ್ಲಿ ನಾನೊಂದು ತಪ್ಪು ಮಾಡಿದೆ. ತಣ್ಣೀರು ಹೇಗೂ ಬರುತ್ತಿದೆಯಲ್ಲ ಅಂತ ಅದನ್ನು ಹಳೆ ತೊಟ್ಟಿಯಿಂದಲೇ ಬಿಟ್ಟೆ. ಎರಡೂ ನಲ್ಲಿ ಒಟ್ಟಿಗೆ ತಿರುಗಿಸಿದರೆ ಬಿಸಿನೀರು ರಭಸವಾಗಿ ಬಂದು ತಣ್ಣೀರನ್ನು ಹಿಂದಕ್ಕೆ ತಳ್ಳುತ್ತಿತ್ತು. ಬಿಸಿ, ತಣ್ಣೀರು ಎರಡೂ ಒಂದೇ ಟ್ಯಾಂಕಿನಿಂದ ಬರಬೇಕು. ಸಣ್ಣ ವಿಷಯ, ಒಬ್ಬರೂ ಹೇಳಲಿಲ್ಲ. ಹೊರಗೆ ಹೋಗುವ ಪೈಪಿಗೆಲ್ಲ ಕಪ್ಪು ರಬ್ಬರಿನ ತೋಳು ಹಾಕಿಸಿ, ಬಿಸಿಲಿಗೆ ಹಾಳಾಗದಂತೆ ಮೇಲೆ ಟೇಪು ಸುತ್ತಿಸಿದೆ. ಅಕ್ಕನ ಮಗ ಹೇಳಿದ "ಮನೆಗೆ ಕಂಬಳಿ" ನಮ್ಮಲ್ಲಿ ಆಗಿದ್ದು ಪೈಪಿಗೆ ಮಾತ್ರ.

ನವೆಂಬರ್ ಕೊನೆ ವಾರದಲ್ಲಿ ಮಷಿನ್ ಬಂತು. ಕೂರಿಸಲು ಬಂದವರು ಇಬ್ಬರು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು, ಸಂಜೆ ನಾಲ್ಕಕ್ಕೆ ಇನ್ನೊಂದು ಮನೆಗೆ ಹೋಗಬೇಕಿತ್ತಂತೆ. ಪೈಪು ಒಳಗೆ ತರಲು ಬಚ್ಚಲುಮನೆಯ ಗೋಡೆಗೆ ತೂತು ಬೇಕು. ಮಣ್ಣಿನ ಗೋಡೆ ಅಂತ ಮೂರು ಸಲ ಹೇಳಿದೆ. ಕೇಳಲಿಲ್ಲ, ಕಾಂಕ್ರೀಟಿಗೆ ಹೊಡೆಯುವ ಡ್ರಿಲ್ಲನ್ನೇ ಇಟ್ಟರು. ಡಬ್ ಡಬ್ ಅಂತ ನಾಲ್ಕು ಏಟಿಗೆ ಒಳಗಿನ ಕಡೆ ಪರಾತದಷ್ಟು ಗಾರೆ ಕಳಚಿ ಹಂಡೆಯ ಮೇಲೆ ಬಿತ್ತು. ಅತ್ತೆ ಓಡಿ ಬಂದರು, ಓಡಲು ಆಗದವರು. ಅವರು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಹುಡುಗರು ಸಿಮೆಂಟು ಮೆತ್ತಿ ಹೋದರು. ಮಣ್ಣಿನ ಗೋಡೆಗೆ ಸಿಮೆಂಟು ಕಚ್ಚುವುದಿಲ್ಲ. ಗೋಡೆ ತೇವ ಎಳೆದುಕೊಂಡು ಬಿಡುತ್ತಾ ಇರಬೇಕು, ಸಿಮೆಂಟು ಅದನ್ನು ತಡೆಯುತ್ತದೆ, ಒಳಗೇ ತೇವ ನಿಂತು ಒಂದು ದಿನ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬಂತು ಕೂಡ, ಎರಡೇ ತಿಂಗಳಿಗೆ. ಫೋನ್ ಮಾಡಿದರೆ "ಸಿವಿಲ್ ಕೆಲಸ ನಮ್ಮ ಪ್ಯಾಕೇಜಿನಲ್ಲಿ ಬರಲ್ಲ ಮೇಡಂ" ಅಂದರು. ಒಡೆಯುವ ಕೆಲಸ ಮಾತ್ರ ಪ್ಯಾಕೇಜಿನಲ್ಲಿ ಬರುತ್ತದೆ ಅಂತ ಕಾಣುತ್ತದೆ. ಮೂಡಿಗೆರೆ ಕಡೆಯಿಂದ ಒಬ್ಬ ವಯಸ್ಸಾದ ಗಾರೆ ಕೆಲಸದವರನ್ನು ಕರೆಸಿ, ಮಣ್ಣು, ಸುಣ್ಣ ಕಲಸಿ ಮುಚ್ಚಿಸಿದೆ. ಅವರು ತೂತನ್ನು ಉಳಿಯಲ್ಲಿ ಕೆರೆದು ಕೆರೆದು ದುಂಡಗೆ ಮಾಡಿ, ಪೈಪಿಗೆ ಒಂದು ದಪ್ಪ ಪೈಪಿನ ತುಂಡು ಹೊದಿಸಿ ಕೂರಿಸಿದರು. ಬಿಸಿಗೆ ಪೈಪು ಹಿಗ್ಗಿ ಕುಗ್ಗಿದರೂ ಗೋಡೆಗೆ ತಾಗಬಾರದಂತೆ.

ಇನ್ನೊಂದು ದೂರು. ಟೈಮರನ್ನು ಬೆಳಗಿನ ಜಾವ ಮೂರಕ್ಕೆ ಶುರುವಾಗುವಂತೆ ಇಟ್ಟು ಹೋಗಿದ್ದರು, ಆರಕ್ಕೆ ಬಿಸಿನೀರು ಬೇಕು ಅಂದಿದ್ದಕ್ಕೆ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ನಮ್ಮಲ್ಲಿ ಹೊರಗಿನ ಗಾಳಿ 12 ಡಿಗ್ರಿ. ಮಷಿನ್ ನಾಲ್ಕು ಗಂಟೆ ಓಡಿದರೂ ಮುಗಿಯದೆ, ಕಾಯಿಲ್ ಆನ್ ಆಗಿ ಯೂನಿಟ್ ನುಂಗುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ ಗಾಳಿ 24 ಡಿಗ್ರಿ. ಇಷ್ಟು ಸುಲಭದ ಉತ್ತರ ಹೊಳೆಯಲು ನನಗೂ ಹದಿನೈದು ದಿನ ಬೇಕಾಯಿತು. ಈಗ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಓಡುತ್ತದೆ, ಕಾಯಿಲ್ ಆಫ್. ಟ್ಯಾಂಕಿನ ಸುತ್ತ ದಪ್ಪ ಹೊದಿಕೆ ಇರುವುದರಿಂದ ಬೆಳಗ್ಗೆವರೆಗೆ ಮೂರು ನಾಲ್ಕು ಡಿಗ್ರಿ ಮಾತ್ರ ಇಳಿಯುತ್ತದೆ.

ಹುಡುಗ ಒಂದು ಸಣ್ಣ ಮೀಟರನ್ನು ಮಷಿನ್ನಿನ ಲೈನಿಗೇ ಹಾಕಿ ಕೊಟ್ಟಿದ್ದಾನೆ. ದಿನಾ ರಾತ್ರಿ ಬರೆದಿಡುತ್ತೇನೆ, ಹಾಜರಿ ಹಾಕಿದ ಅಭ್ಯಾಸ. ನಾಲ್ಕು ಜನರ ಸ್ನಾನ, ಪಾತ್ರೆಗೆ ಸ್ವಲ್ಪ. ಡಿಸೆಂಬರ್‌ನಲ್ಲಿ ದಿನಕ್ಕೆ 2.7 ಯೂನಿಟ್, ಏಪ್ರಿಲ್‌ನಲ್ಲಿ 1.6, ಜುಲೈನಲ್ಲಿ 2.2. ಜುಲೈ ಅಂಕಿ ನೋಡಿ ಖುಷಿಯಾಯಿತು. ಸೋಲಾರ್ ಸತ್ತು ಮಲಗುತ್ತಿದ್ದ ತಿಂಗಳು ಅದು. ಮಳೆಗಾಲದ ಗಾಳಿಯಲ್ಲಿ ತೇವ ಜಾಸ್ತಿ, ಆ ತೇವ ತಣ್ಣನೆ ರೆಕ್ಕೆಯ ಮೇಲೆ ನೀರಾಗುವಾಗ ಅದೂ ಒಂದಿಷ್ಟು ಶಾಖ ಬಿಟ್ಟುಕೊಡುತ್ತದೆ. ದಿನಕ್ಕೆ ಮೂರು ಲೀಟರ್ ಹತ್ತಿರ ನೀರು ತೊಟ್ಟಿಕ್ಕುತ್ತದೆ, ಆ ಚರಂಡಿ ಅದಕ್ಕೇ. ಕೊಟ್ಟಿಗೆಯಲ್ಲಿ ಟ್ಯಾಂಕು ಸೋರುತ್ತಿದೆ ಅಂತ ಗಾಬರಿಯಾಗಿ ಫೋನ್ ಮಾಡಬೇಡಿ, ನಾನು ಮಾಡಿದ್ದೆ. ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬೀಳುವುದೂ ಮಾಮೂಲು. ಅದನ್ನು ಮಾತ್ರ ಯಾವತ್ತೂ ಕಟ್ಟಿ ನಿಲ್ಲಿಸಬೇಡಿ.

ಸದ್ದು ಇದೆ. ಹಳೆ ಫ್ರಿಜ್ಜಿನ ಜೊತೆ ಟೇಬಲ್ ಫ್ಯಾನ್ ಹಾಕಿದ ಹಾಗೆ. ಮಲಗುವ ಕೋಣೆ ಗೋಡೆಗೆ ಹಾಕಿದ್ದರೆ ಕಷ್ಟ ಇತ್ತು. ಕೊಟ್ಟಿಗೆಯಲ್ಲಿ ಯಾರಿಗೂ ತೊಂದರೆ ಇಲ್ಲ. ಏಪ್ರಿಲ್ ಸೆಕೆಯಲ್ಲಿ ಅದು ಬಿಡುವ ತಣ್ಣನೆ ಗಾಳಿಗೆ ನಮ್ಮ ಕೋಳಿಗಳೆಲ್ಲ ಅಲ್ಲೇ ಸಾಲಾಗಿ ಕೂರುತ್ತಿದ್ದವು. ಅವುಗಳ ಪುಕ್ಕ ಮಷಿನ್ನಿನ ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ ಅಂತ ಜಾಲರಿ ಹಾಕಿಸಿದೆ, ಎರಡು ಕಡೆಯೂ ಗೇಣು ಬಿಟ್ಟು.

ಮ್ಯಾನುಯಲ್ ಓದಿ ತಿಳಿದ ಇನ್ನೊಂದು ವಿಷಯ, ಟ್ಯಾಂಕಿನ ಒಳಗೆ ಒಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದು ಅದರ ಕೆಲಸ. ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಕೂರಿಸಿದವರು ಇದನ್ನು ಹೇಳಲೇ ಇಲ್ಲ. ಮೊನ್ನೆ ನವೆಂಬರ್‌ನಲ್ಲಿ ತೆಗೆಸಿದರೆ ಅರ್ಧ ಸವೆದಿತ್ತು. ನಮ್ಮದು ಬಾವಿ ನೀರು, ಮೆದು. ಕಡೂರು, ಅರಸೀಕೆರೆ ಕಡೆಯ ಬೋರ್ ನೀರಿನವರಿಗೆ ಬೇರೆ ಕಷ್ಟ, ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ.

ಖರ್ಚು ಕೇಳುತ್ತೀರಿ, ಗೊತ್ತು. ಮಷಿನ್ನಿಗೆ 1,32,000. ಇದು ಅಂಗಡಿಯವರು ಹೇಳಿದ ಬೆಲೆ, ಇಷ್ಟೇ ಅಂತ ನಾವೂ ತಿಳಿದಿದ್ದೆವು. ವೈರಿಂಗ್, ಅರ್ತ್ ಸೇರಿ 31,000. ಲೋಡು, ಡೆಪಾಸಿಟ್, ಓಡಾಟ 7,000. ಸ್ಟ್ಯಾಂಡು, ಟ್ಯಾಂಕು 18,000. ಪೈಪು 14,500. ಕಟ್ಟೆ, ಜಾಲರಿ 9,000. ಸ್ಟೆಬಿಲೈಸರ್ 6,500, ಸಂಜೆ ವೋಲ್ಟೇಜು 170ಕ್ಕೆ ಇಳಿಯುತ್ತದೆ, ಬಿಡುವಂತಿಲ್ಲ. ಗಾರೆಗೆ 2,800. ಮಷಿನ್ ಬಿಟ್ಟು 88,800 ರೂಪಾಯಿ ಮನೆಗೇ ಹೋಯಿತು. ಗೀಸರಿಗೆ ಹೋಲಿಸಿದರೆ, ಗೃಹಜ್ಯೋತಿಯನ್ನು ಲೆಕ್ಕಕ್ಕೆ ತಗೊಳ್ಳದಿದ್ದರೂ, ತಿಂಗಳಿಗೆ ಎಂಟು ನೂರು ರೂಪಾಯಿ ಆಸುಪಾಸು ಉಳಿಯುತ್ತದೆ. ನಾವು ಬಿಟ್ಟಿದ್ದು ಗೀಸರನ್ನಲ್ಲ, ನಮ್ಮದೇ ತೋಟದ ಸೌದೆಯನ್ನು. ಹಾಗೆ ನೋಡಿದರೆ ಒಂದು ಪೈಸೆಯೂ ಉಳಿದಿಲ್ಲ. ದುಡ್ಡು ಉಳಿಸಲು ಅಂತ ಹಾಕಿಸುವುದಾದರೆ, ನಮ್ಮಂತಹ ಮನೆಯವರು ಬೇಡ ಅನ್ನುತ್ತೇನೆ. ನನಗೆ ಬೇಕಿದ್ದದ್ದು ನಮ್ಮವರು ಕೊಡಲಿ ಮುಟ್ಟದೆ ಇರುವುದು. ಜೊತೆಗೆ ಅಡುಗೆಮನೆ ಸ್ವಿಚ್ಚು ಜುಂ ಅನ್ನುವುದೂ ನಿಂತಿತು.

ಹಂಡೆ ತೆಗೆಸಲಿಲ್ಲ. ತೆಗೆಸಿದ್ದರೆ ಜುಲೈನಲ್ಲಿ ಸಿಕ್ಕಿಬೀಳುತ್ತಿದ್ದೆವು, ಮರ ಬಿದ್ದು ನಾಲ್ಕು ದಿನ ಕರೆಂಟು ಇರಲಿಲ್ಲ. ಅತ್ತೆಗೆ ಆ ನಾಲ್ಕು ದಿನ ಹಬ್ಬ. "ನೋಡಿದ್ಯಾ" ಅಂತ ದಿನಕ್ಕೆ ಮೂರು ಸಲ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಎಂದಿನಂತೆ ಹಂಡೆ ತೊಳೆದು, ಬಳ್ಳಿ ಸುತ್ತಿ, ಕೆಮ್ಮಣ್ಣು ಸುಣ್ಣ ಬರೆದು ಪೂಜೆ ಮಾಡಿದರು. ಸಂಜೆ ನೋಡಿದರೆ ಕೊಟ್ಟಿಗೆಯ ಮಷಿನ್ನಿಗೂ ಒಂದು ಬಳ್ಳಿ ಕಟ್ಟಿದೆ, ಸ್ಟೆಬಿಲೈಸರಿಗೆ ಒಂದು ಬೊಟ್ಟು. ಯಾರು ಕಟ್ಟಿದ್ದು ಅಂತ ನಾನೂ ಕೇಳಲಿಲ್ಲ.

ಈಗ ಅವರ ದಿನದ ಸ್ನಾನ ಮಷಿನ್ ನೀರಿನಲ್ಲೇ. ಮೊದಲು ಬಿಸಿ ಸಾಲದು ಅಂತ ತಕರಾರು ಇತ್ತು, 60ಕ್ಕೆ ಏರಿಸು ಅಂತ. ಕ್ರಿಮಿ ಸಾಯಲಿ ಅಂತ ವಾರಕ್ಕೊಂದು ದಿನ 60ಕ್ಕೆ ಏರಿಸುವುದು ಹೌದು, ದಿನಾ ಏರಿಸಿದರೆ ಯೂನಿಟ್ ಜಾಸ್ತಿ. ನಾನು 52ರಲ್ಲೇ ಇಟ್ಟು, "60 ಮಾಡಿದ್ದೀನಿ ಅತ್ತೆ" ಅಂದೆ. ಮಾರನೇ ದಿನ ಸ್ನಾನ ಮುಗಿಸಿ ಬಂದು, ಜಗಲಿಯಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಾ, "ಇವತ್ತು ಸ್ವಲ್ಪ ಸುಟ್ಟ ಹಾಗಾಯ್ತು, ಒಂದೆರಡು ಕಡಿಮೆ ಮಾಡು" ಅಂದರು.